ಇಲಿ ಎತ್ತುವ ಕೈ: ಪ್ರಯೋಗಾಲಯದ ಪ್ರಾಣಿಗಳ ಆರೈಕೆಗೆ ಹೊಸಬರನ್ನು ತಯಾರು ಮಾಡುವುದು

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಹೊರಗಿನವರಿಗೆ ಗೊತ್ತಿರುವುದು ಎರಡು ಕಾರಣಕ್ಕೆ. ಒಂದು, 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಇನ್ನೊಂದು, ಹೆದ್ದಾರಿ ಬದಿಯ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಆ ತೋಟದಲ್ಲಿ ಹಳ್ಳಿಯ ಜನರ ಜೊತೆ ದನಕರುಗಳೂ ಸಿಮೆಂಟಿನಲ್ಲಿ ನಿಂತಿವೆ. ಉಸಿರಾಡುವ ದನ ಬೇಕೆಂದರೆ ಅದೇ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೆ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ, ನವಿಲುಧಾಮವೂ ಅಲ್ಲೇ. ದೀಪಾವಳಿ ಬಂತೆಂದರೆ ಹಾನಗಲ್ಲ, ಹಿರೇಕೆರೂರು ಕಡೆ ಹೋರಿ ಬೆದರಿಸುವ ಹಬ್ಬದ ಗದ್ದಲ. ದನದ ಮೈದಡವಿ ಅದರ ಮನಸ್ಸು ತಿಳಿಯುವವರ ಸೀಮೆ ಇದು.

ಇಲ್ಲಿನ ಹುಡುಗ ಹುಡುಗಿಯರು ಫಾರ್ಮಸಿ, ಪಶುವೈದ್ಯಕೀಯ, ಜೀವವಿಜ್ಞಾನ ಓದಲು ಹುಬ್ಬಳ್ಳಿ, ಧಾರವಾಡ, ಗದಗ, ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಕೆಲವರಿಗೆ ‘ಅನಿಮಲ್ ಹೌಸ್’ ಎಂಬ ಫಲಕವಿರುವ ಬಾಗಿಲು ಎದುರಾಗುತ್ತದೆ. ಒಳಗೆ ಸಾಲು ಸಾಲು ಪಂಜರ, ಪಂಜರದಲ್ಲಿ 25–30 ಗ್ರಾಂ ತೂಗುವ ಬಿಳಿ ಸುಂಡಿಲಿಗಳು. ಎತ್ತಿನ ಮೂಗುದಾಣ ಹಿಡಿದು ಬೆಳೆದ ಕೈಯೂ ಇಲ್ಲಿ ಮೊದಲ ಸಲ ನಡುಗುತ್ತದೆ. ನಡುಗುವ ಕೈಗೆ ಯಾರು, ಏನನ್ನು, ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದು ಇಲ್ಲಿನ ವಿಷಯ.

ನಮ್ಮ ಸೀಮೆಗೂ ಪ್ರಯೋಗದ ಪ್ರಾಣಿಗೂ ಇರುವ ನಂಟು

ಪ್ರಯೋಗದ ಪ್ರಾಣಿ ಎಂದರೆ ಎಲ್ಲೋ ಅಮೆರಿಕದ ಸಂಗತಿ ಎಂದುಕೊಳ್ಳುವವರು ಹಾನಗಲ್ಲಿನಿಂದ ದಕ್ಷಿಣಕ್ಕೆ ಗಡಿ ದಾಟಿ ನೋಡಬೇಕು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ರೋಗಾಣುವನ್ನು ಹಿಡಿದದ್ದು ಇಲಿಮರಿಗಳ ನೆರವಿನಿಂದ. ರೋಗಿಯ ರಕ್ತವನ್ನೋ ಸತ್ತ ಮಂಗದ ಅಂಗಾಂಶವನ್ನೋ ಹಾಲು ಕುಡಿಯುವ ಸುಂಡಿಲಿ ಮರಿಗಳಿಗೆ ಚುಚ್ಚಿ ವೈರಸ್ ಬೆಳೆಸುವುದು ಆ ಕಾಲದ ಮುಖ್ಯ ವಿಧಾನವಾಗಿತ್ತು. ಮಂಗನ ಕಾಯಿಲೆಯ ಲಸಿಕೆ ಮುಂದೆ ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಯಿತು. 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಶುರುವಾಗಿ, ಇಂದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕಗಳ ಸಂಸ್ಥೆ ಎನಿಸಿಕೊಂಡಿರುವ ಸ್ಥಳ ಅದು.

ಇನ್ನೂ ಹಿಂದಕ್ಕೆ ಹೋದರೆ ಬೆಳಗಾವಿಯ ವ್ಯಾಕ್ಸಿನ್ ಡಿಪೋ ಸಿಗುತ್ತದೆ. ಇವತ್ತು ಆ ಹೆಸರು ಕೇಳಿದರೆ ಬೆಳಗಾವಿಯವರಿಗೆ ಮೈದಾನ ನೆನಪಾಗುತ್ತದೆ. ಆದರೆ ಸಿಡುಬಿನ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸಿ ತೆಗೆಯುತ್ತಿದ್ದ ಕಾಲದ ಹೆಸರು ಅದು. ಹುಚ್ಚುನಾಯಿ ಕಚ್ಚಿದವರು ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಚುಚ್ಚಿಸಿಕೊಳ್ಳುತ್ತಿದ್ದ ಇಂಜೆಕ್ಷನ್ ಹಿರಿಯರಿಗೆ ನೆನಪಿರಬಹುದು. ಅದು ಕುರಿಯ ಮಿದುಳಿನಿಂದ ಮಾಡಿದ ಲಸಿಕೆ. ನಮ್ಮ ದೇಶದಲ್ಲಿ ಅದು ನಿಂತದ್ದು 2005ರ ಹೊತ್ತಿಗೆ. ಅಷ್ಟರಲ್ಲಿ ಕೋಶ ಕೃಷಿಯ ಲಸಿಕೆ ಬಂದು ರೋಗಿಯ ಸಂಕಟವೂ ಕುರಿಯ ಸಂಕಟವೂ ಒಟ್ಟಿಗೆ ತಪ್ಪಿದವು. ಪ್ರಾಣಿಯ ಬದಲಿಗೆ ಬೇರೆ ದಾರಿ ಹುಡುಕುವುದು ವಿಜ್ಞಾನಕ್ಕೆ ನಷ್ಟ ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು.

ಕಾನೂನು ಕೇಳುವುದು

ಭಾರತದಲ್ಲಿ ಇದಕ್ಕೆಲ್ಲ ತಳಪಾಯ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಹಿಂದೆ ಇದ್ದವರು ನೃತ್ಯಗಾತಿ ರುಕ್ಮಿಣಿದೇವಿ ಅರುಂಡೇಲ್. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಕಾನೂನು ತರುತ್ತದೆ ಎಂದು ನೆಹರೂ ಭರವಸೆ ಕೊಟ್ಟ ಮೇಲೆ ಹಿಂತೆಗೆದುಕೊಂಡರು. ಕಾಯ್ದೆ ಪ್ರಯೋಗವನ್ನು ನಿಷೇಧಿಸಲಿಲ್ಲ. ಹೊಸ ತಿಳಿವಳಿಕೆಗೆ, ಜೀವ ಉಳಿಸಲು, ರೋಗ ತಡೆಯಲು ಪ್ರಯೋಗ ಮಾಡಬಹುದು ಎಂದೇ ಒಪ್ಪಿತು. ಆದರೆ ಪ್ರಯೋಗದ ಮೊದಲು, ನಡುವೆ ಮತ್ತು ನಂತರ ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಲು ಒಂದು ಸಮಿತಿ ಬೇಕೆಂದಿತು. ಸಿಪಿಸಿಎಸ್ಇಎ ಎಂದು ಬಹುಕಾಲ ಕರೆಸಿಕೊಂಡ ಆ ಸಮಿತಿಗೆ ಈಗ ಸಿಸಿಎಸ್ಇಎ ಎಂಬ ಹೆಸರು. 1998ರ ನಿಯಮಗಳು ಬಂದ ಮೇಲೆ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯೂ ಇದರಲ್ಲಿ ನೋಂದಾಯಿಸಿಕೊಳ್ಳಬೇಕು, ತನ್ನೊಳಗೊಂದು ನೀತಿ ಸಮಿತಿ ಇಟ್ಟುಕೊಳ್ಳಬೇಕು. ಆ ನೀತಿ ಸಮಿತಿಯಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ವಿಜ್ಞಾನಿಯೇ ಅಲ್ಲದ ಸಾಮಾಜಿಕ ಕಳಕಳಿಯ ಒಬ್ಬ ಸದಸ್ಯರು ಇರಬೇಕೆಂಬುದು ನಿಯಮ. ಈ ಕೊನೆಯ ಕುರ್ಚಿಯಲ್ಲಿ ಕೂತವರು ಬಾಯಿ ಬಿಟ್ಟು ಪ್ರಶ್ನೆ ಕೇಳಿದರೆ ಸಮಿತಿಗೆ ಜೀವ ಬರುತ್ತದೆ, ಸುಮ್ಮನೆ ಸಹಿ ಹಾಕಿ ಚಹಾ ಕುಡಿದು ಹೋದರೆ ಅದು ಕಾಗದದ ಸಮಿತಿ.

ಹೊಸಬರ ತರಬೇತಿಗೆ ನೇರವಾಗಿ ಸಂಬಂಧಿಸಿದ ಎರಡು ಮಾತು ಕಾಯ್ದೆಯ 17ನೇ ಕಲಮಿನಲ್ಲಿವೆ. ಕಾಲೇಜುಗಳಲ್ಲಿ ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದರೆ ಪ್ರಾಣಿಯನ್ನು ಬಳಸಬಾರದು. ಬರೀ ಕೈಚಳಕ ಗಳಿಸುವುದಕ್ಕಾಗಿ ಆದಷ್ಟು ಮಟ್ಟಿಗೆ ಪ್ರಯೋಗ ಮಾಡಬಾರದು. ಎರಡನೆಯದು ಓದಲು ಸರಳ, ಪಾಲಿಸಲು ಕಷ್ಟ. ಇಂಜೆಕ್ಷನ್ ಕೊಡಲು ಕಲಿಯದವನು ಪ್ರಯೋಗಕ್ಕೆ ಕೈ ಹಾಕಿದರೆ ಇಲಿಗೆ ಹಿಂಸೆ. ಕಲಿಯಲೆಂದೇ ಇಲಿಯ ಮೇಲೆ ಚುಚ್ಚಿ ನೋಡಿದರೆ ಅದೂ ಹಿಂಸೆ. ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಮುಂದೆ ನೋಡೋಣ.

ಇದರ ಜೊತೆಗೆ ಯುಜಿಸಿ 2011 ಮತ್ತು 2014ರಲ್ಲಿ ಕೈಗೊಂಡ ತೀರ್ಮಾನಗಳಿಂದ ಪ್ರಾಣಿಶಾಸ್ತ್ರ ತರಗತಿಗಳ ಛೇದನ ನಿಂತಿತು. ಕಪ್ಪೆಯನ್ನು ಮೇಣದ ತಟ್ಟೆಯ ಮೇಲೆ ಪಿನ್ ಹೊಡೆದು ಬಿಚ್ಚಿದ ನೆನಪು ಇರುವ ಕೊನೆಯ ತಲೆಮಾರು ಈಗ ಪಾಠ ಹೇಳುವ ವಯಸ್ಸಿನಲ್ಲಿದೆ.

ಮುಟ್ಟುವ ಮೊದಲು ನೋಡುವುದು

ಒಳ್ಳೆಯ ತರಬೇತಿ ಪ್ರಾಣಿಯನ್ನು ಕೈಗೆ ಕೊಟ್ಟು ಶುರುವಾಗುವುದಿಲ್ಲ. ಹೊಸಬರು ಮೊದಲ ಕೆಲವು ದಿನ ಅನುಭವಿ ಸಹಾಯಕರ ಹಿಂದೆ ಸುಮ್ಮನೆ ಸುತ್ತಬೇಕು. ಬಟ್ಟೆ ಬದಲಿಸಿ, ಕೈ ತೊಳೆದು, ಮುಖಗವಸು ಹಾಕಿ ಒಳಗೆ ಹೋಗುವುದು ಪ್ರಾಣಿಗಳ ಆರೋಗ್ಯಕ್ಕೆ ಎಷ್ಟು ಮುಖ್ಯವೋ ಮನುಷ್ಯರಿಗೂ ಅಷ್ಟೇ ಮುಖ್ಯ. ಇಲಿಯ ಮೂತ್ರದಲ್ಲಿರುವ ಪ್ರೋಟೀನ್ ಒಣಗಿ ಗಾಳಿಗೆ ಸೇರಿ ಹಲವರಿಗೆ ಅಲರ್ಜಿ ತರುತ್ತದೆ, ಕೆಲವರಿಗೆ ಅದು ದಮ್ಮಾಗಿ ಬೆಳೆಯುತ್ತದೆ. ಸೀನು, ಕಣ್ಣುರಿ ಶುರುವಾದರೆ ಮುಚ್ಚಿಡದೆ ಹೇಳಬೇಕು ಎಂಬುದು ಮೊದಲ ದಿನವೇ ಹೇಳಬೇಕಾದ ಮಾತು.

ನೋಡುವುದಕ್ಕೂ ಒಂದು ಕ್ರಮವಿದೆ. ಪಂಜರವನ್ನು ಅಲುಗಿಸದೆ ನೋಡಬೇಕು. ಗುಂಪಿನಲ್ಲಿ ಒಂದು ಮಾತ್ರ ಮೂಲೆ ಹಿಡಿದು ಕೂತಿದೆಯೇ, ರೋಮ ನಿಗುರಿದೆಯೇ, ಬೆನ್ನು ಗೂನಾಗಿದೆಯೇ, ನಿನ್ನೆ ಹಾಕಿದ ಆಹಾರ ಹಾಗೇ ಉಳಿದಿದೆಯೇ. ಆಹಾರ ಉಳಿದಿದ್ದರೆ ಬಹಳ ಸಲ ತಪ್ಪು ನೀರಿನ ಬಾಟಲಿಯದು. ಕೊಳವೆಯ ತುದಿಯಲ್ಲಿ ಗುಳ್ಳೆ ಸಿಕ್ಕಿ ನೀರು ಇಳಿಯದಿದ್ದರೆ ಇಲಿ ತಿನ್ನುವುದನ್ನೂ ಬಿಡುತ್ತದೆ. ಬಾಟಲಿ ತುಂಬಿದೆ ಎಂದು ದೂರದಿಂದ ನೋಡಿ ಮುಂದೆ ಹೋಗುವ ಹೊಸಬರನ್ನು ನಿಲ್ಲಿಸಿ, ಕೊಳವೆಯ ತುದಿಯನ್ನು ಬೆರಳಿಂದ ಒತ್ತಿ ಹನಿ ಬರುವುದನ್ನು ತೋರಿಸಬೇಕು. ಶನಿವಾರ ಸಂಜೆ ಈ ಒಂದು ಹನಿ ನೋಡದೆ ಬಿಟ್ಟರೆ ಸೋಮವಾರ ಬೆಳಿಗ್ಗೆ ಸತ್ತ ಪ್ರಾಣಿಗಳನ್ನು ಎಣಿಸಬೇಕಾದೀತು.

ಹೊಸಬರನ್ನು ಗಾಬರಿಗೊಳಿಸುವ ದೃಶ್ಯ ಇನ್ನೊಂದಿದೆ: ಇಲಿಯ ಕಣ್ಣು, ಮೂಗಿನ ಸುತ್ತ ಕೆಂಪು. ರಕ್ತ ಎಂದು ಓಡಿ ಬರುತ್ತಾರೆ. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿ ಸುರಿಸುವ ಕೆಂಬಣ್ಣದ ಸ್ರಾವ. ಹಾಗೆಂದು ಒರೆಸಿ ಬಿಡುವಂತಿಲ್ಲ. ರೋಗ, ನೋವು, ಜಗಳ, ಹೆದರಿಕೆ ಯಾವುದಾದರೂ ಹೆಚ್ಚಾದಾಗ ಆ ಸ್ರಾವ ಹೆಚ್ಚುತ್ತದೆ. ಹಡೆದ ತಾಯಿಯ ಪಂಜರದಲ್ಲಿಯೂ ನೋಡುವುದು ಬಹಳವಿದೆ. ರೋಮವಿಲ್ಲದ ಮರಿಯ ತೆಳು ಚರ್ಮದೊಳಗಿಂದ ಹೊಟ್ಟೆಯಲ್ಲಿರುವ ಹಾಲು ಬಿಳಿ ಪಟ್ಟೆಯಂತೆ ಕಾಣುತ್ತದೆ. ಪಟ್ಟೆ ಇದ್ದರೆ ತಾಯಿ ಹಾಲೂಡಿಸಿದ್ದಾಳೆ, ಮುಟ್ಟಬೇಕಾಗಿಲ್ಲ. ಕುತೂಹಲಕ್ಕೆ ಗೂಡು ಕೆದಕಿದರೆ ಗಾಬರಿಬಿದ್ದ ತಾಯಿ ಮರಿಗಳನ್ನೇ ತಿಂದುಬಿಡಬಹುದು.

ಎತ್ತುವುದು, ಹಿಡಿಯುವುದು

ಸುಂಡಿಲಿಯನ್ನು ಬಾಲ ಹಿಡಿದು ಎತ್ತುವುದು ದಶಕಗಳ ರೂಢಿ. ಬೆರಳಿಗೆ ಕಚ್ಚಿಸಿಕೊಳ್ಳದೆ, ಬೇಗ ಬೇಗ ಪಂಜರ ಬದಲಿಸಬಹುದು ಎಂಬುದೇ ಅದರ ಸಮರ್ಥನೆ. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ರೂಢಿಯ ಬುಡ ಅಲುಗಿಸಿತು. ಬಾಲ ಹಿಡಿದು ಎತ್ತಿಸಿಕೊಂಡ ಸುಂಡಿಲಿಗಳು ಮನುಷ್ಯನ ಕೈ ಕಂಡರೆ ದೂರ ಸರಿದವು, ಆತಂಕದ ಪರೀಕ್ಷೆಗಳಲ್ಲೂ ಹೆಚ್ಚು ಹೆದರಿದವು. ಪ್ಲಾಸ್ಟಿಕ್ ಕೊಳವೆಯೊಳಗೆ ಹೋಗಲು ಬಿಟ್ಟು ಎತ್ತಿದ ಸುಂಡಿಲಿಗಳೂ, ಬೊಗಸೆಯಲ್ಲಿ ಎತ್ತಿದವೂ ತಾವಾಗಿ ಕೈಯ ಹತ್ತಿರ ಬಂದವು. ಬದಲಾದದ್ದು ಎತ್ತಿದ ಬಗೆ ಮಾತ್ರ.

ಅಂದರೆ ಪ್ರಾಣಿಯನ್ನು ಎತ್ತುವ ಕೈಯೂ ಪ್ರಯೋಗದ ಒಂದು ಭಾಗ. ಆತಂಕಕ್ಕೆ ಮದ್ದು ಹುಡುಕುವ ಸಂಶೋಧಕ ದಿನವೂ ಬಾಲ ಹಿಡಿದು ಆತಂಕ ಹುಟ್ಟಿಸುತ್ತಿದ್ದರೆ ಅವನ ಗ್ರಾಫಿನಲ್ಲಿ ಕಾಣುವುದು ಮದ್ದಿನ ಗುಣವೋ ಕೈಯ ದೋಷವೋ ಯಾರಿಗೆ ಗೊತ್ತು? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ತಂಡ 2014ರಲ್ಲಿ ಇನ್ನೂ ವಿಚಿತ್ರವಾದದ್ದನ್ನು ತೋರಿಸಿತು. ಕೋಣೆಯಲ್ಲಿ ಗಂಡಸರಿದ್ದರೆ, ಅಷ್ಟೇಕೆ ಗಂಡಸರು ತೊಟ್ಟ ಅಂಗಿಯಿದ್ದರೂ ಸಾಕು, ಅದರ ವಾಸನೆಗೆ ಇಲಿ ಸುಂಡಿಲಿಗಳ ಒತ್ತಡ ಏರಿ ನೋವಿನ ಪ್ರತಿಕ್ರಿಯೆ ಕುಗ್ಗುತ್ತದೆ. ದಯೆ ಎಂಬುದು ವಿಜ್ಞಾನದ ಮೇಲೆ ಹೊರಿಸಿದ ಹೆಚ್ಚಿನ ಹೊರೆ ಎಂದು ಗೊಣಗುವ ಹಿರಿಯರಿಗೆ ಹೊಸಬರು ಧೈರ್ಯವಾಗಿ ತೋರಿಸಬಹುದಾದ ಫಲಿತಾಂಶಗಳು ಇವು.

ಕಲಿಸುವ ಕ್ರಮ ಹೀಗಿರಬಹುದು. ಪಂಜರದಲ್ಲಿ ಅಂಗೈಯುದ್ದದ ಕೊಳವೆಯನ್ನು ಯಾವಾಗಲೂ ಇಟ್ಟಿರಬೇಕು, ಅದು ಪ್ರಾಣಿಗೆ ಮನೆಯ ವಸ್ತುವಾಗಬೇಕು. ಎತ್ತುವಾಗ ಕೊಳವೆಯನ್ನು ನೆಲಕ್ಕೆ ತಾಗಿಸಿ ಸುಂಡಿಲಿಯ ಮುಂದೆ ಹಿಡಿದು, ಇನ್ನೊಂದು ಕೈಯನ್ನು ಹಿಂದಿನಿಂದ ನಿಧಾನವಾಗಿ ತಂದರೆ ಅದು ತಾನೇ ಒಳಗೆ ನುಗ್ಗುತ್ತದೆ. ಎರಡೂ ತುದಿಗೆ ಅಂಗೈ ಅಡ್ಡ ಹಿಡಿದು ಎತ್ತುವುದು, ಇಳಿಸುವಾಗ ತಾನಾಗಿ ಇಳಿಯಲು ಬಿಡುವುದು. ಇಂಜೆಕ್ಷನ್ನಿಗಾಗಿ ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಹಿಡಿಯಲೇಬೇಕಾದಾಗ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಸಾಕಷ್ಟು ತೆಗೆದುಕೊಳ್ಳಬೇಕು. ಕಡಿಮೆ ಹಿಡಿದರೆ ತಿರುಗಿ ಕಚ್ಚುತ್ತದೆ, ಹೆಚ್ಚು ಎಳೆದರೆ ಉಸಿರು ಕಟ್ಟುತ್ತದೆ. ಉಸಿರಿನ ಲಯ, ಮೂಗಿನ ತುದಿಯ ಬಣ್ಣ ನೋಡುತ್ತಲೇ ಇರಬೇಕು. ಹಿಡಿದ ಮೇಲೆ ಯೋಚಿಸುವುದಲ್ಲ, ಸಿರಿಂಜು ಮೊದಲೇ ತುಂಬಿ ಪಕ್ಕದಲ್ಲಿರಬೇಕು.

ದೊಡ್ಡ ಇಲಿಯ ಸ್ವಭಾವ ಬೇರೆ. ಲ್ಯಾಬಿನಲ್ಲಿ ಹೆಚ್ಚಾಗಿ ಕಾಣುವ ವಿಸ್ಟಾರ್ ತಳಿ ಮನುಷ್ಯನಿಗೆ ಬೇಗ ಹೊಂದಿಕೊಳ್ಳುತ್ತದೆ. ಎದೆಯ ಸುತ್ತ ಅಂಗೈ ಹಾಕಿ, ಇನ್ನೊಂದು ಕೈಯಿಂದ ಹಿಂಭಾಗಕ್ಕೆ ಆಸರೆ ಕೊಟ್ಟು ಎತ್ತಿದರೆ ಸಾಕು. ಹೊಸಬರು ಹೆದರಿ ದಪ್ಪ ಚರ್ಮದ ಕೈಗವಸು ಹಾಕುವುದುಂಟು. ಗವಸಿನೊಳಗಿನ ಬೆರಳಿಗೆ ತಾನು ಎಷ್ಟು ಅದುಮುತ್ತಿದ್ದೇನೆ ಎಂದು ತಿಳಿಯದೆ ಪ್ರಾಣಿಗೆ ನೋವಾಗುತ್ತದೆ, ನೋವಾದ ಮೇಲೆ ಕಚ್ಚುವುದು ಸಹಜ. ನರವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ಇಲಿಗಳಿಗೆ ಕಚಗುಳಿಯಿಟ್ಟು, ಅವು 50 ಕಿಲೋಹರ್ಟ್ಜ್ ಆಸುಪಾಸಿನಲ್ಲಿ, ನಮ್ಮ ಕಿವಿಗೆ ಕೇಳದ ಹರ್ಷದ ದನಿ ಹೊರಡಿಸುವುದನ್ನು ದಾಖಲಿಸಿದ್ದರು. ಈಗ ಕೆಲವೆಡೆ ಇಲಿಗಳನ್ನು ಮನುಷ್ಯರಿಗೆ ಒಗ್ಗಿಸಲು ಕಚಗುಳಿಯನ್ನೇ ಬಳಸುತ್ತಾರೆ.

ಅತಿ ಹೆಚ್ಚು ಅನಾಹುತವಾಗುವುದು ಮೊಲದ ವಿಷಯದಲ್ಲಿ. ಕ್ಯಾಲೆಂಡರಿನ ಚಿತ್ರ ನೋಡಿ ಕಿವಿ ಹಿಡಿದು ಎತ್ತುವವರು ಇನ್ನೂ ಇದ್ದಾರೆ. ಮೊಲದ ಎಲುಬು ಹಗುರ, ಹಿಂಗಾಲಿನ ಸ್ನಾಯು ಬಲು ಜೋರು. ಹಿಂಭಾಗಕ್ಕೆ ಆಸರೆಯಿಲ್ಲದೆ ಎತ್ತಿದಾಗ ಅದು ಜಾಡಿಸಿ ಒದ್ದರೆ ಅದರ ಬೆನ್ನುಮೂಳೆ ಅಲ್ಲೇ ಮುರಿಯುತ್ತದೆ, ಹಿಂಗಾಲು ಶಾಶ್ವತವಾಗಿ ಸೋಲುತ್ತವೆ. ಆದ್ದರಿಂದ ಒಂದು ಕೈ ಹೆಗಲ ಮೇಲಿನ ಚರ್ಮಕ್ಕೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ತಲೆ ನಮ್ಮ ತೋಳಿನ ಸಂದಿನಲ್ಲಿ ಅಡಗುವಂತೆ ಹಿಡಿಯಬೇಕು. ಕತ್ತಲಾದರೆ ಅದು ಸುಮ್ಮನಾಗುತ್ತದೆ.

ಇಷ್ಟೆಲ್ಲ ಕಲಿಯುವಾಗ ದನ ಸಾಕಿದ ಮನೆಯ ಮಕ್ಕಳಿಗೆ ಒಂದು ಅನುಕೂಲ, ಒಂದು ಅನನುಕೂಲ. ಹಿಂದಿನಿಂದ ಏಕಾಏಕಿ ಹೋಗಬಾರದು, ಕೈ ತಾಗಿಸುವ ಮೊದಲು ದನಿ ಕೇಳಿಸಬೇಕು, ಪ್ರಾಣಿಯ ಕಿವಿ ಕಣ್ಣು ನೋಡಿ ಮುಂದಿನ ಹೆಜ್ಜೆ ಇಡಬೇಕು ಎಂಬುದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಗದರಿಸಿ ಬಗ್ಗಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮೇಲಿನಿಂದ ಎರಗುವ ಕೈ ಸುಂಡಿಲಿಯ ಪಾಲಿಗೆ ಹದ್ದು.

ಹೊಟ್ಟು, ಬೆಂಡು, ಗಾಳಿ, ಬೆಳಕು

ಹಾವೇರಿ ಜಿಲ್ಲೆಯ ರೈತರಿಗೆ ತಮಾಷೆಯಾಗಿ ಕಾಣಬಹುದಾದ ಸಂಗತಿ: ಇಲ್ಲಿನ ಹೊಲಗದ್ದೆಗಳಲ್ಲಿ ಉಳಿಯುವ ಪದಾರ್ಥಗಳೇ ಭಾರತದ ಬಹುತೇಕ ಅನಿಮಲ್ ಹೌಸ್‌ಗಳ ಹಾಸಿಗೆ. ಭತ್ತದ ಹೊಟ್ಟು ಮತ್ತು ಕಾಳು ಬಿಡಿಸಿದ ಗೋವಿನಜೋಳದ ಬೆಂಡಿನ ಪುಡಿ ಪಂಜರದ ತಳಕ್ಕೆ ಬೀಳುತ್ತವೆ. ತೇವ ಹೀರುವುದರಲ್ಲಿ ಬೆಂಡು ಮೇಲು, ಗೂಡು ಕಟ್ಟುವುದಕ್ಕೆ ಅದು ಬಾರದು. ಆದ್ದರಿಂದ ಬೆಂಡಿನ ಜೊತೆ ಹರಿದ ಕಾಗದವನ್ನೂ ಹಾಕಬೇಕು. ಹೊಟ್ಟು ನೇರ ಗಿರಣಿಯಿಂದ ಬಂದರೆ ಕೀಟನಾಶಕದ ಉಳಿಕೆ, ಊರ ಇಲಿಗಳ ಮೂತ್ರ, ಬೂಷ್ಟು ಎಲ್ಲವೂ ಜೊತೆಗೆ ಬರಬಹುದು. ಜರಡಿ ಹಿಡಿದು, ಆಟೋಕ್ಲೇವಿನಲ್ಲಿ ಹಬೆಯಾಡಿಸಿದ ಮೇಲೆಯೇ ಬಳಸಬೇಕು.

ಪಂಜರ ಥಳಥಳ ತೊಳೆದಿದ್ದಷ್ಟೂ ಒಳ್ಳೆಯದು ಎಂಬುದು ಮನುಷ್ಯರ ಲೆಕ್ಕ. ಸುಂಡಿಲಿ ವಾಸನೆಯಿಂದ ಮನೆ ಗುರುತಿಸುವ ಪ್ರಾಣಿ. ಎಲ್ಲ ವಾಸನೆ ಒಮ್ಮೆಲೇ ಅಳಿಸಿದರೆ ಗಂಡುಗಳು ಹೊಸದಾಗಿ ಜಗಳ ತೆಗೆಯುತ್ತವೆ. ಹಳೆಯ ಗೂಡಿನ ಕಾಗದವನ್ನು ಹೊಸ ಪಂಜರಕ್ಕೆ ಸಾಗಿಸಿದರೆ ಜಗಳ ತಗ್ಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ಗೊತ್ತಿರಬೇಕು ಅಷ್ಟೇ.

ಸಿಪಿಸಿಎಸ್ಇಎ ಮಾರ್ಗಸೂಚಿ ಇಲಿ, ಸುಂಡಿಲಿ, ಗಿನಿಪಿಗ್‌ಗಳ ಕೋಣೆಗೆ 18ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 30–70 ತೇವಾಂಶ, ಗಂಟೆಗೆ 12–15 ಸಲ ಗಾಳಿ ಬದಲಾವಣೆ ಹೇಳುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋದರೆ 29ರ ಗೆರೆ ದಾಟಲು ಬಹಳ ಹೊತ್ತು ಬೇಡ. ಜನರೇಟರಿನ ಡೀಸೆಲ್ ನೋಡುವುದೂ ಪ್ರಾಣಿ ದಯೆಯೇ. ಬಿಳಿ ಇಲಿಯ ಕೆಂಪು ಕಣ್ಣಿಗೆ ಬಣ್ಣದ ರಕ್ಷಣೆಯಿಲ್ಲ, ಜೋರು ಬೆಳಕು ಅದರ ಅಕ್ಷಿಪಟಲವನ್ನು ಕೆಡಿಸುತ್ತದೆ. ನಮಗೆ 20 ಕಿಲೋಹರ್ಟ್ಜ್‌ಗೆ ಕಿವಿ ಮುಚ್ಚಿದರೆ ಅವುಗಳಿಗೆ ಅದರ ನಾಲ್ಕು ಪಟ್ಟಿನವರೆಗೂ ಕೇಳುತ್ತದೆ. ಕಿರುಗುಟ್ಟುವ ಟ್ರಾಲಿಯ ಚಕ್ರ, ಹನಿಯುವ ನಲ್ಲಿ, ಪಕ್ಕದಲ್ಲಿಟ್ಟ ಕಂಪ್ಯೂಟರ್ ಅವುಗಳಿಗೆ ದೊಡ್ಡ ಗದ್ದಲವಾಗಬಹುದು.

ಗಿನಿಪಿಗ್ ಬಗ್ಗೆ ಒಂದು ಮಾತು ಮರೆಯುವಂತಿಲ್ಲ. ಮನುಷ್ಯರಂತೆ ಅದಕ್ಕೂ ವಿಟಮಿನ್ ಸಿ ಮೈಯಲ್ಲೇ ತಯಾರಿಸಿಕೊಳ್ಳಲು ಬರುವುದಿಲ್ಲ. ಇಲಿಯ ಉಂಡೆಯನ್ನೇ ಅದಕ್ಕೂ ಹಾಕಿ ಸೊಪ್ಪು ಮರೆತರೆ ಕೆಲವೇ ವಾರಗಳಲ್ಲಿ ಸ್ಕರ್ವಿ ಬರುತ್ತದೆ.

ಆರೈಕೆ ಏಕೆ ಅಷ್ಟು ಕಟ್ಟುನಿಟ್ಟಾಗಿರಬೇಕು ಎಂಬುದಕ್ಕೆ ಹಳೆಯ ಉದಾಹರಣೆ ನೀಲಗಿರಿಯ ಕೂನೂರಿನದು. ರಾಬರ್ಟ್ ಮೆಕ್‌ಕ್ಯಾರಿಸನ್ ಅಲ್ಲಿ 1920ರ ದಶಕದಲ್ಲಿ ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳ ಗುಂಪುಗಳಿಗೆ ಹಾಕಿ ಬೆಳವಣಿಗೆ ಹೋಲಿಸಿದರು. ಗೋಧಿ, ಹಾಲು, ತರಕಾರಿಯಿದ್ದ ಸಿಖ್ಖರ ಊಟ ಮೇಲುಗೈ ಪಡೆಯಿತು. ಗೂಡು, ಗಾಳಿ, ಸ್ವಚ್ಛತೆ ಗುಂಪಿನಿಂದ ಗುಂಪಿಗೆ ಬೇರೆಯಾಗಿದ್ದರೆ ಆ ಹೋಲಿಕೆಗೆ ಬೆಲೆಯೇ ಇರುತ್ತಿರಲಿಲ್ಲ. ಅದೇ ಕೇಂದ್ರ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ನೋವಿನ ಮುಖ

ಬೇಟೆಗೆ ಬೀಳುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ. ಕೂಗುವ ಇಲಿ ಅಪರೂಪ, ಕೂಗಲಿಲ್ಲವೆಂದರೆ ನೋವಿಲ್ಲ ಎಂದರ್ಥವಲ್ಲ. ಮೊಗಿಲ್ ಅವರ ತಂಡವೇ 2010ರಲ್ಲಿ ಸುಂಡಿಲಿಯ ಮುಖ ನೋಡಿ ನೋವು ಅಳೆಯುವ ಮಾಪನವೊಂದನ್ನು ಕೊಟ್ಟಿತು. ಕಣ್ಣು ಕಿರಿದಾಗಿದೆಯೇ, ಮೂಗು ಮತ್ತು ಕೆನ್ನೆ ಉಬ್ಬಿವೆಯೇ, ಕಿವಿ ಹಿಂದಕ್ಕೆ ಸರಿದಿದೆಯೇ, ಮೀಸೆ ಯಾವ ದಿಕ್ಕಿಗೆ ನಿಂತಿದೆ ಎಂದು ನೋಡಿ ಸೊನ್ನೆ, ಒಂದು, ಎರಡು ಎಂದು ಅಂಕ ಹಾಕುವುದು. ಹೊಸಬರಿಗೆ ಚಿತ್ರಗಳನ್ನು ಮುಂದಿಟ್ಟು ಇದನ್ನು ಕಲಿಸಬಹುದು, ಪ್ರಾಣಿಯನ್ನು ಮುಟ್ಟಬೇಕಾಗಿಲ್ಲ. ನೋವು ಯಾವ ಮಟ್ಟ ಮುಟ್ಟಿದರೆ ಪ್ರಯೋಗ ನಿಲ್ಲಿಸಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ರಾತ್ರಿ ಪಾಳಿಯ ಸಹಾಯಕನಿಗೆ ಆ ಮಟ್ಟ ಕಂಡಾಗ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಮುಂದೆ ಯಾರಿಗೆ ಎಂಬುದು ಗೋಡೆಯ ಮೇಲಿರಬೇಕು.

ಪ್ರಮಾಣದ ಅರಿವೂ ಇಲ್ಲಿಗೇ ಸೇರುತ್ತದೆ. 25 ಗ್ರಾಂ ಸುಂಡಿಲಿಯ ಮೈಯಲ್ಲಿರುವ ಒಟ್ಟು ರಕ್ತ 2 ಮಿಲಿಲೀಟರಿನ ಆಸುಪಾಸು, ಚಹಾ ಚಮಚದ ಅರ್ಧವೂ ಇಲ್ಲ. ಪರೀಕ್ಷೆಗೆ ‘ಸ್ವಲ್ಪ’ ರಕ್ತ ತೆಗೆಯುವವರಿಗೆ ಆ ಸ್ವಲ್ಪ ಎಂದರೆ ಎಷ್ಟು ಎಂದು ಚಮಚದಲ್ಲಿ ನೀರು ಹಾಕಿಯೇ ತೋರಿಸಬೇಕು. ಬಾಯಿಯ ಮೂಲಕ ಕೊಳವೆ ಹಾಕಿ ಔಷಧ ಕೊಡುವಾಗಲೂ ಹಾಗೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ತಪ್ಪಿ ಶ್ವಾಸನಾಳಕ್ಕೆ ಹೋದ ಔಷಧ ಅಲ್ಲೇ ಜೀವ ತೆಗೆಯುತ್ತದೆ.

ರಬ್ಬರ್ ಇಲಿಯ ಪಾಠ

ಕೈಚಳಕಕ್ಕಾಗಿ ಪ್ರಯೋಗ ಬೇಡ ಎಂಬ ಕಾನೂನಿನ ಇಕ್ಕಟ್ಟಿಗೆ ಇಲ್ಲಿ ಉತ್ತರವಿದೆ. ಬಾಲದ ನಾಳಕ್ಕೆ ಸೂಜಿ ಹಾಕುವುದು, ಬಾಯಿಗೆ ಕೊಳವೆ ಇಳಿಸುವುದು, ಹೊಲಿಗೆ ಹಾಕುವುದು ಇವೆಲ್ಲಕ್ಕೂ ಸಿಲಿಕೋನ್, ಪಿವಿಸಿ ಇಲಿಗಳು ಮಾರುಕಟ್ಟೆಯಲ್ಲಿವೆ. ಔಷಧಶಾಸ್ತ್ರದ ತರಗತಿಗೆ ಪುದುಚೇರಿಯ ಜಿಪ್ಮರ್‌ನಲ್ಲಿ ‘ಎಕ್ಸ್‌ಫಾರ್ಮ್’ ಎಂಬ ತಂತ್ರಾಂಶ ರೂಪುಗೊಂಡಿತು. ಕಪ್ಪೆಯ ಹೃದಯ, ಮೊಲದ ಕಣ್ಣಿನ ಮೇಲೆ ಔಷಧದ ಪರಿಣಾಮವನ್ನು ವಿದ್ಯಾರ್ಥಿ ಈಗ ಪರದೆಯ ಮೇಲೆಯೇ ನೋಡುತ್ತಾನೆ. ನೂರಾರು ಫಾರ್ಮಸಿ ವಿದ್ಯಾರ್ಥಿಗಳಲ್ಲಿ ಮುಂದೆ ಪ್ರಾಣಿಯ ಜೊತೆ ಕೆಲಸ ಮಾಡುವವರು ಕೆಲವರು ಮಾತ್ರ. ಉಳಿದವರಿಗೆ ಪರದೆ ಸಾಕು.

ಆ ಕೆಲವರಿಗೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಕಲಿಕೆ ಬೇಕು: ಮೊದಲು ಮಾದರಿ, ಆಮೇಲೆ ಬೇರೆ ಕಾರಣಕ್ಕೆ ಸತ್ತ ಪ್ರಾಣಿಯ ದೇಹ, ಆಮೇಲೆ ಅರಿವಳಿಕೆಯಲ್ಲಿರುವ ಪ್ರಾಣಿ, ಕೊನೆಗೆ ಎಚ್ಚರವಿರುವ ಪ್ರಾಣಿ. ಪ್ರತಿ ಮೆಟ್ಟಿಲಲ್ಲೂ ಕಲಿಸುವವರ ಸಹಿ. ಬ್ರಿಟನ್ನಿನಲ್ಲಿ ತರಬೇತಿ ಮುಗಿಸಿ ವೈಯಕ್ತಿಕ ಪರವಾನಗಿ ಪಡೆಯದವರು ಪ್ರಾಣಿಯ ಮೇಲೆ ಪ್ರಯೋಗ ನಡೆಸುವಂತಿಲ್ಲ. ನಮ್ಮಲ್ಲಿ ನೋಂದಣಿ ಸಂಸ್ಥೆಯದು, ಅನುಮತಿ ಪ್ರಯೋಗದ್ದು. ಕೈಗೆ ಬೇರೆ ಪರವಾನಗಿಯಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎಂಬುದು ನನ್ನ ಅಭಿಪ್ರಾಯ.

ಕೊಲ್ಲುವುದನ್ನು ಕಲಿಸುವುದು

ಪಠ್ಯದಲ್ಲಿ ಕೊನೆಗೆ ಬರುವ, ಮಾತಿನಲ್ಲಿ ಎಲ್ಲರೂ ತಪ್ಪಿಸಿಕೊಳ್ಳುವ ಪಾಠ ಇದು. ಸಣ್ಣ ಪ್ರಾಣಿಗಳ ಬಹುತೇಕ ಪ್ರಯೋಗಗಳು ಅವುಗಳ ಸಾವಿನಲ್ಲಿ ಮುಗಿಯುತ್ತವೆ. ಅರಿವು ಮೊದಲು ಹೋಗಬೇಕು, ಉಸಿರು ಆಮೇಲೆ. ಇನ್ನೊಂದು ಪ್ರಾಣಿಯ ಕಣ್ಣೆದುರು ಮಾಡಬಾರದು. ಸತ್ತಿದೆ ಎಂದು ಖಚಿತಪಡಿಸಿಕೊಳ್ಳದೆ ಚೀಲಕ್ಕೆ ಹಾಕಬಾರದು. ಈ ಮೂರನ್ನು ಕಲಿಸುವುದು ಕಷ್ಟವಲ್ಲ. ತಾನೇ ಹೆಸರಿಟ್ಟು, ನೀರು ಕುಡಿಸಿ ಬೆಳೆಸಿದ ಮೊಲವನ್ನು ಮಲಗಿಸಿ ಬಂದವರ ಜೊತೆ ಆ ಸಂಜೆ ಏನು ಮಾತಾಡಬೇಕು ಎಂಬುದು ಕಷ್ಟ. ಜಪಾನಿನ ಪ್ರಯೋಗಾಲಯಗಳಲ್ಲಿ ಸತ್ತ ಪ್ರಾಣಿಗಳಿಗಾಗಿ ವರ್ಷಕ್ಕೊಮ್ಮೆ ಶ್ರದ್ಧಾಂಜಲಿ ಸಭೆ ನಡೆಸುವ ರೂಢಿಯಿದೆ. ವಿಜ್ಞಾನಿಯೂ ಕಸ ಗುಡಿಸುವವರೂ ಒಂದೇ ಸಾಲಿನಲ್ಲಿ ನಿಂತು ಹೂವಿಡುತ್ತಾರೆ. ಆಯುಧಪೂಜೆಗೆ ಮೈಕ್ರೋಸ್ಕೋಪಿಗೂ ಕುಂಕುಮ ಹಚ್ಚುವ ನಮ್ಮ ಲ್ಯಾಬುಗಳಿಗೆ ಇದು ಏಕೆ ಹೊಳೆಯಲಿಲ್ಲವೋ.

ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ 1959ರಲ್ಲಿ ಹೇಳಿದ ಮೂರು ಸೂತ್ರಗಳು ಈ ಕ್ಷೇತ್ರದ ಅ ಆ ಇ: ಪ್ರಾಣಿಯ ಬದಲಿಗೆ ಬೇರೆ ದಾರಿ ಹುಡುಕು, ಸಂಖ್ಯೆ ಇಳಿಸು, ನೋವು ತಗ್ಗಿಸು. ಭಾರತ ಇದಕ್ಕೆ ನಾಲ್ಕನೆಯದಾಗಿ ಪುನರ್ವಸತಿಯನ್ನು ಸೇರಿಸಿತು. ನಾಯಿ, ಮಂಗ, ಕುದುರೆಯಂಥ ದೊಡ್ಡ ಪ್ರಾಣಿಗಳನ್ನು ಪ್ರಯೋಗ ಮುಗಿದ ಮೇಲೆ ನೋಡಿಕೊಳ್ಳುವ ಹೊಣೆಯೂ ಖರ್ಚೂ ಬಳಸಿಕೊಂಡವರದೇ.

ತರಬೇತಿ ಯಾರಿಗೆ, ಎಲ್ಲಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಾಣಿ ವಿಜ್ಞಾನ ಕೇಂದ್ರ ದಶಕಗಳ ಕಾಲ ತಂತ್ರಜ್ಞರಿಗೊಂದು, ಮೇಲ್ವಿಚಾರಕರಿಗೊಂದು ಕೋರ್ಸ್ ನಡೆಸಿದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳಿಗೆ ತಮ್ಮದೇ ಪ್ರಾಣಿ ಸೌಲಭ್ಯಗಳಿವೆ. ಪಶುವೈದ್ಯರು ಬೀದರಿನ ಪಶು ವಿಶ್ವವಿದ್ಯಾಲಯದ ಕಾಲೇಜುಗಳಿಂದ ಬರುತ್ತಾರೆ, ಹಾವೇರಿಗೆ ಹತ್ತಿರದ್ದೆಂದರೆ ಗದಗಿನದು.

ಆದರೆ ಕೋರ್ಸು, ಪ್ರಮಾಣಪತ್ರ ಹೆಚ್ಚಾಗಿ ತಲುಪುವುದು ಪದವೀಧರರನ್ನು. ದಿನಕ್ಕೆ ಎರಡು ಹೊತ್ತು ಪಂಜರದ ಮುಂದೆ ನಿಲ್ಲುವವರು, ದೀಪಾವಳಿ ಪಾಡ್ಯದಂದು ಊರಲ್ಲಿ ಹೋರಿ ಓಡುವಾಗಲೂ ರಜೆಯಿಲ್ಲದೆ ನೀರು ತುಂಬುವವರು ಗುತ್ತಿಗೆಯ ಸಹಾಯಕರು. ಪಿಎಚ್‌ಡಿ ವಿದ್ಯಾರ್ಥಿ ಮೂರು ನಾಲ್ಕು ವರ್ಷಕ್ಕೆ ಹೋಗುತ್ತಾನೆ, ಸಹಾಯಕ ಉಳಿಯುತ್ತಾನೆ. ಗೂನು ಬೆನ್ನಿನ ಇಲಿ ಮೊದಲು ಕಾಣುವುದು ಇವನಿಗೆ. ಕಾಣುತ್ತದೆ, ಆದರೆ ಹೇಳಿದರೆ ಕೇಳುವವರು ಯಾರು? ಮಾರ್ಗಸೂಚಿಗಳು ಇಂಗ್ಲಿಷಿನಲ್ಲಿ, ಗೋಡೆಗೆ ಅಂಟಿಸಿದ ಕೆಲಸದ ಪಟ್ಟಿ ಇಂಗ್ಲಿಷಿನಲ್ಲಿ, ಕಚ್ಚಿಸಿಕೊಂಡಾಗ ತುಂಬಬೇಕಾದ ಅರ್ಜಿಯೂ ಇಂಗ್ಲಿಷಿನಲ್ಲಿ. ಪಟ್ಟಿ ಕನ್ನಡದಲ್ಲಿರಲಿ, ದಾಖಲೆ ಪುಸ್ತಕದಲ್ಲಿ ‘ಇವತ್ತು ಏನು ಕಂಡಿತು’ ಎಂಬ ಖಾಲಿ ಸಾಲೊಂದು ಅವರ ಕೈಬರಹಕ್ಕೆ ಮೀಸಲಿರಲಿ, ನೀತಿ ಸಮಿತಿಯ ಸಭೆಗೆ ಆ ಪುಸ್ತಕವೂ ಹೋಗಲಿ. ಇದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ, ಕಾಲೇಜಿನ ಪ್ರಾಂಶುಪಾಲರ ಒಂದು ಸುತ್ತೋಲೆ ಸಾಕು.